ಆನ್ಸ್‌ಕೋಂಬ್ ಚತುಷ್ಟಯ

ಆನ್ಸ್‌ಕೋಂಬ್ ಚತುಷ್ಟಯ ಎಂಬುದು ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್ಸ್‌ಕೋಂಬ್ ಅವರು 1973ರಲ್ಲಿ ಪ್ರಕಟಿಸಿದ ನಾಲ್ಕು ದತ್ತಾಂಶ ಸಮೂಹಗಳ ಹೆಸರು. ಪ್ರತಿಯೊಂದರಲ್ಲಿಯೂ 11 ಬಿಂದುಗಳಿವೆ. ನಾಲ್ಕರಲ್ಲಿಯೂ ಸಹಸಂಬಂಧ ಗುಣಾಂಕವು ಸುಮಾರು 0.816 ಆಗಿದ್ದು, ರಿಗ್ರೆಶನ್ ರೇಖೆಯ ಸಮೀಕರಣವು ಸುಮಾರಾಗಿ ವೈ = 3 + 0.5 ಎಕ್ಸ್ ಆಗಿದೆ. ಆದರೆ ನಕ್ಷೆಯಲ್ಲಿ ಗುರುತಿಸಿದಾಗ ಇವು ಪರಸ್ಪರ ಭಿನ್ನವಾಗಿ ಕಾಣುತ್ತವೆ. ಮೊದಲನೆಯದರಲ್ಲಿ ಬಿಂದುಗಳು ಸರಳರೇಖೆಯ ಸುತ್ತ ಚದುರಿವೆ. ಎರಡನೆಯದರಲ್ಲಿ ವಕ್ರರೇಖೆಯ ಮೇಲಿವೆ. ಉಳಿದೆರಡರಲ್ಲಿ ಒಂದೊಂದು ಅಸಾಮಾನ್ಯ ಬಿಂದುವಿದೆ.

ಮೂರನೆಯ ಸಮೂಹ

ಇದರ ಹತ್ತು ಬಿಂದುಗಳು ಹೆಚ್ಚುಕಡಿಮೆ ಒಂದೇ ಸರಳರೇಖೆಯ ಮೇಲಿವೆ. ಅವುಗಳ ಸಹಸಂಬಂಧ ಬಹುತೇಕ 1, ರೇಖೆಯ ಇಳಿಜಾರು ಸುಮಾರು 0.345. ಬಹಳ ಮೇಲಿರುವ (13, 12.74) ಎಂಬ ಬಿಂದು ಸೇರಿದೊಡನೆ ಇಳಿಜಾರು 0.5ಕ್ಕೆ ಏರಿ, ಸಹಸಂಬಂಧ 0.816ಕ್ಕೆ ಇಳಿಯುತ್ತದೆ.

ನಾಲ್ಕನೆಯ ಸಮೂಹ

ಇಲ್ಲಿ ಪರಿಣಾಮ ತದ್ವಿರುದ್ಧವಾಗಿದೆ. ಹತ್ತು ಬಿಂದುಗಳಲ್ಲಿ ಎಕ್ಸ್‌ನ ಬೆಲೆ 8 ಮಾತ್ರ. ಆದ್ದರಿಂದ ಅವುಗಳಿಗೆ ಸಹಸಂಬಂಧವನ್ನಾಗಲಿ ಇಳಿಜಾರನ್ನಾಗಲಿ ಲೆಕ್ಕಹಾಕಲು ಸಾಧ್ಯವಿಲ್ಲ. ದೂರದ (19, 12.50) ಎಂಬ ಒಂದೇ ಬಿಂದುವು ಇಲ್ಲದ ಸಂಬಂಧವನ್ನು ಸೃಷ್ಟಿಸುತ್ತದೆ.

ಕಾರಣ

ಕನಿಷ್ಠ ವರ್ಗಗಳ ವಿಧಾನವು ರೇಖೆಯಿಂದ ಬಿಂದುಗಳಿಗಿರುವ ಲಂಬ ಅಂತರಗಳ ವರ್ಗಗಳನ್ನು ಕೂಡುತ್ತದೆ. ಅಂತರ ಮೂರು ಪಟ್ಟಾದರೆ ಅದರ ಪಾಲು ಒಂಬತ್ತು ಪಟ್ಟಾಗುವುದರಿಂದ ರೇಖೆಯು ದೂರದ ಬಿಂದುವಿನ ಕಡೆಗೆ ವಾಲುತ್ತದೆ. ಎಕ್ಸ್‌ನ ಸರಾಸರಿಯಿಂದ ದೂರವಿರುವ ಬಿಂದುವಿಗೆ ಈ ಸೆಳೆತ ಇನ್ನೂ ಹೆಚ್ಚು.

ಪರಿಶೀಲನೆ

ಲೆಕ್ಕಕ್ಕೆ ಮುನ್ನ ನಕ್ಷೆ ರಚಿಸುವುದು, ಅಸಾಮಾನ್ಯ ಬಿಂದುವನ್ನು ಸೇರಿಸಿ ಮತ್ತು ಬಿಟ್ಟು ಫಲಿತಾಂಶಗಳನ್ನು ಹೋಲಿಸುವುದು ಅಗತ್ಯ. ಸ್ಪಿಯರ್‌ಮನ್ ಶ್ರೇಣಿ ಸಹಸಂಬಂಧವು ಬೆಲೆಗಳ ಬದಲು ಅವುಗಳ ಕ್ರಮವನ್ನು ಬಳಸುವುದರಿಂದ ಮೂರನೆಯ ಸಮೂಹದಲ್ಲಿ ಸುಮಾರು 0.99 ಆಗಿಯೇ ಉಳಿಯುತ್ತದೆ. ದಾಖಲಾತಿಯ ದೋಷ ಖಚಿತವಾಗದೆ ಬಿಂದುವನ್ನು ಕೈಬಿಡುವುದು ಸರಿಯಲ್ಲ. ಅದು ನಿಜವಾದ ಮಾಹಿತಿಯೂ ಆಗಿರಬಹುದು.