ಖಾರಕ್ಕೆ ಜೊತೆಯಾಗುವ ಲೋಟ

ನಂಜನ್ನು ಉಂಡವನು ನಂಜುಂಡ. ಕುಡಿದದ್ದನ್ನು ಗಂಟಲಲ್ಲೇ ನಿಲ್ಲಿಸಿಕೊಂಡ ದೇವರ ಹೆಸರು ಹೊತ್ತ ಊರು ನಂಜನಗೂಡು. ಯಾವ ಊಟಕ್ಕೆ ಯಾವ ಪಾನೀಯ ಎಂಬ ಪ್ರಶ್ನೆಯನ್ನು ಇಲ್ಲಿಂದಲೇ ಎತ್ತಿಕೊಂಡರೆ ತಪ್ಪಿಲ್ಲ. ಬಿಸಿಲು ಏರತೊಡಗುವ ಫಾಲ್ಗುಣದಲ್ಲಿ ಇಲ್ಲಿ ದೊಡ್ಡ ಜಾತ್ರೆ. ಐದು ರಥಗಳು ಸಾಲಾಗಿ ಸಾಗುವ ಬೀದಿಯ ಬದಿಯಲ್ಲಿ ಭಕ್ತರಿಗೆ ಪಾನಕ, ನೀರುಮಜ್ಜಿಗೆ ಹಂಚುವುದು ವಾಡಿಕೆ. ಬೆಂಗಳೂರಿನ ದೊಡ್ಡ ಹೋಟೆಲುಗಳಲ್ಲಿ ಮೆಕ್ಸಿಕೊ ಊಟ ತರಿಸಿಕೊಂಡವರ ಮುಂದೆ ಬಂದು ಕೂರುವುದು ಮಾರ್ಗರಿಟಾ. ಬಾಯಿಗೆ ಉಪ್ಪು ಸವರಿದ ಗಾಜಿನ ಲೋಟ. ಅದರೊಳಗೆ ಟೆಕಿಲಾ ಎಂಬ ಮದ್ಯ, ನಿಂಬೆ ರಸ, ಕಿತ್ತಳೆಯ ಪರಿಮಳದ ಇನ್ನೊಂದು ಸಿಹಿ ಮದ್ಯ. ಈ ಎರಡು ಲೋಟಗಳ ನಡುವೆ ಕಾಣುವ ದೂರ ಎಷ್ಟೋ, ಕಾಣದ ನೆಂಟಸ್ತನವೂ ಅಷ್ಟೇ ಇದೆ.

ನೆಂಟಸ್ತನ ಶುರುವಾಗುವುದು ಮೆಣಸಿನಕಾಯಿಯಿಂದ. ಅದು ಮೆಕ್ಸಿಕೊ ಕಡೆಯ ಬೆಳೆ. 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳ ಮೂಲಕ ನಮ್ಮ ಕರಾವಳಿಗೆ ಇಳಿಯಿತು. ಅದಕ್ಕೂ ಮೊದಲು ಖಾರವೆಂದರೆ ಮೆಣಸು, ಶುಂಠಿ. ಹೊಸದಾಗಿ ಬಂದ ಕಾಯಿಗೆ ಜನ ಹಳೆಯ ಮೆಣಸಿನ ಹೆಸರನ್ನೇ ಅಂಟಿಸಿದರು. ಮೆಕ್ಕೆಜೋಳ, ಟೊಮೆಟೊಗಳೂ ಅದೇ ಖಂಡದವು. ಇದಕ್ಕೆ ಬದಲಾಗಿ ನಮ್ಮ ಕಡೆಯಿಂದ ಹುಣಸೆ ಅತ್ತ ಹೋಯಿತು. ಮೆಕ್ಸಿಕೊದ ಜನ ಇಂದಿಗೂ ಊಟದ ಜೊತೆ ಹುಣಸೆ ಹಣ್ಣಿನ ಪಾನಕ ಕುಡಿಯುತ್ತಾರೆ.

ನಂಜನಗೂಡು, ತಿರುಮಕೂಡಲು ನರಸೀಪುರ ಸೀಮೆಯ ಉಪ್ಸಾರು ಮುದ್ದೆಯನ್ನು ಉಂಡವರಿಗೆ ಮೆಕ್ಸಿಕೊದ ತಟ್ಟೆ ತೀರ ಅಪರಿಚಿತ ಎನಿಸಲಾರದು. ಬೇಳೆ ಅಥವಾ ಕಾಳು, ಸೊಪ್ಪು ಬೇಯಿಸಿದ ಕಟ್ಟಿಗೆ ಉಪ್ಪು. ಪಕ್ಕದಲ್ಲಿ ಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆ ಹಾಕಿ ಅರೆದ ಖಾರ. ಎಷ್ಟು ಕಲಸಿಕೊಳ್ಳಬೇಕು ಎಂಬುದು ಉಣ್ಣುವವನ ಧೈರ್ಯಕ್ಕೆ ಬಿಟ್ಟದ್ದು. ಅಲ್ಲಿಯೂ ಹಾಗೆಯೇ: ಜೋಳದ ರೊಟ್ಟಿ, ಬೇಯಿಸಿದ ಹುರುಳಿಕಾಯಿ ಬೀಜ, ಕಲ್ಲಿನಲ್ಲಿ ಅರೆದ ಸಾಲ್ಸಾ ಬೇರೆ ಬಟ್ಟಲಿನಲ್ಲಿ.

ಹಾಗಾದರೆ ಖಾರ ಹತ್ತಿದಾಗ ಏನು ಕುಡಿಯಬೇಕು? ಎಲ್ಲರ ಕೈಯೂ ಮೊದಲು ಹೋಗುವುದು ನೀರಿನ ಚೊಂಬಿಗೆ. ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಮೆಣಸಿನಕಾಯಿಯ ಉರಿಗೆ ಕಾರಣ ಕ್ಯಾಪ್ಸೈಸಿನ್ ಎಂಬ ವಸ್ತು. ಅದು ಎಣ್ಣೆಯಲ್ಲಿ ಕರಗುತ್ತದೆ, ನೀರಿನಲ್ಲಿ ಕರಗುವುದಿಲ್ಲ ಎಂದೇ ಹೇಳಬೇಕು. ಬಾಯಿಯ ನರಗಳಲ್ಲಿ ಬಿಸಿ ತಾಗಿದ್ದನ್ನು ಮೆದುಳಿಗೆ ತಿಳಿಸುವ ಒಂದು ಗ್ರಾಹಕ ಇದೆ. ಕ್ಯಾಪ್ಸೈಸಿನ್ ಅದನ್ನೇ ಕೆರಳಿಸುತ್ತದೆ. ಸುಟ್ಟಿರುವುದಿಲ್ಲ, ಆದರೆ ಸುಟ್ಟಿತು ಎಂಬ ಸುದ್ದಿ ಹೋಗುತ್ತದೆ! ಈ ಗ್ರಾಹಕವನ್ನು ಪತ್ತೆ ಮಾಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಹುಮಾನದ ಪಾಲು ದೊರೆಯಿತು.

ಉರಿ ತಗ್ಗಿಸುವ ವಿಷಯದಲ್ಲಿ ಹಾಲಿನ ವಂಶಕ್ಕೆ ಸಮನಾದುದಿಲ್ಲ. ಹಾಲಿನಲ್ಲಿರುವ ಕೇಸೀನ್ ಎಂಬ ಪ್ರೋಟೀನು ಕ್ಯಾಪ್ಸೈಸಿನ್ ಅನ್ನು ಹಿಡಿದು ತೊಳೆದುಕೊಂಡು ಹೋಗುತ್ತದೆ. ಕೆನೆ ತೆಗೆದ ಹಾಲೂ ಗಟ್ಟಿ ಹಾಲಿನಷ್ಟೇ ಕೆಲಸ ಮಾಡುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಬೆಣ್ಣೆ ತೆಗೆದ ಮಜ್ಜಿಗೆಯ ಮಾನ ಉಳಿಯುವುದು ಇಲ್ಲಿ. ಮುದ್ದೆಯಾಗಲಿ, ನಾಲೆ ನೀರಿನ ಊರುಗಳ ಅನ್ನವಾಗಲಿ, ಸಾರು ಮುಗಿದ ಮೇಲೆ ಕೊನೆಗೆ ಮಜ್ಜಿಗೆ ಎಂಬ ಕ್ರಮ ಸುಮ್ಮನೆ ಬಂದದ್ದಲ್ಲ. ಆದರೆ ಒಂದು ಪಾವು ಮೊಸರಿಗೆ ಒಂದು ಬಿಂದಿಗೆ ನೀರು ಸುರಿದ ಮಜ್ಜಿಗೆ ಬಾಯಾರಿಕೆಯನ್ನು ತಣಿಸೀತೇ ಹೊರತು ಖಾರವನ್ನಲ್ಲ. ಜಾತ್ರೆಯ ಬಿಸಿಲಿನಲ್ಲಿ ಬೇಕಾದದ್ದು ಅದೇ ಎನ್ನಿ: ಬೆವರಿನಲ್ಲಿ ಹೋದ ನೀರು, ಉಪ್ಪು ಎರಡೂ ಮರಳಿ ಬರುತ್ತವೆ.

ಪಾನಕದ ದಾರಿ ಬೇರೆ. ಬೆಲ್ಲದ ಸಿಹಿ ಉರಿಯನ್ನು ಸ್ವಲ್ಪ ಮಟ್ಟಿಗೆ ಮರೆಸುತ್ತದೆ. ನಿಂಬೆಯ ಹುಳಿ ಬಾಯಲ್ಲಿ ನೀರೂರಿಸಿ ನಾಲಿಗೆಯನ್ನು ತೊಳೆಯುತ್ತದೆ. ಮಾರ್ಗರಿಟಾ ಖಾರದ ಊಟಕ್ಕೆ ಹೊಂದುವುದೂ ಇದೇ ಕಾರಣಕ್ಕೆ. ಉಪ್ಪು ಕಹಿಯನ್ನು ಅಡಗಿಸುತ್ತದೆ, ಹುಳಿ ಜಿಡ್ಡನ್ನು ಕತ್ತರಿಸುತ್ತದೆ, ಮಂಜುಗಡ್ಡೆ ತಂಪು ನೀಡುತ್ತದೆ. ಉಪ್ಪು, ಹುಳಿ, ಸಿಹಿ ಮೂರೂ ಜಾತ್ರೆಯ ಎರಡು ಲೋಟಗಳಲ್ಲಿ ಹಂಚಿಹೋಗಿವೆ. ಉಳಿದದ್ದು ಮದ್ಯ, ಅದು ಮಾತ್ರ ಖಾರದ ಪರವಾಗಿಯೇ ಕೆಲಸ ಮಾಡುತ್ತದೆ. ಕ್ಯಾಪ್ಸೈಸಿನ್ ಕೆರಳಿಸುವ ಆ ಗ್ರಾಹಕವನ್ನು ಮದ್ಯಸಾರವೂ ಕೆರಳಿಸುತ್ತದೆ. ಖಾರ ತಿಂದವ ಮತ್ತೆ ಕುಡಿಯುತ್ತಾನೆ, ಕುಡಿದಂತೆ ಉರಿ ಹೆಚ್ಚುತ್ತದೆ. ಮದ್ಯದಂಗಡಿಯ ಮಗ್ಗುಲಲ್ಲಿ ಖಾರದ ಕಡಲೆ, ಬೋಟಿ ಮಾರುವವರಿಗೆ ಈ ಲೆಕ್ಕ ನೊಬೆಲ್ ಬಹುಮಾನಕ್ಕಿಂತ ಮೊದಲೇ ಗೊತ್ತಿತ್ತು. ಬೆಲೆ ತೆರುವುದು ಮನೆಯಲ್ಲಿ ಕಾದವರು. ಈ ಸೀಮೆಯಲ್ಲಿ ಹಿಂದೆ ಈಚಲು ಹೆಂಡವಿತ್ತು, ಸಾರಾಯಿ ಇತ್ತು. ರಾಜ್ಯದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ರಂದು. ಅಗ್ಗದ ವಿಸ್ಕಿ, ಬ್ರಾಂದಿಯ ಪೊಟ್ಟಣಗಳು ಆ ಜಾಗಕ್ಕೆ ಬಂದವು. ಹೆಂಡಕ್ಕಿಂತ ಹಲವು ಪಟ್ಟು ತೀಕ್ಷ್ಣವಾದ ಇವುಗಳ ಜೊತೆಗೂ ಅದೇ ಖಾರ.

ಮೆಕ್ಸಿಕೊದ ಮನೆಗಳಲ್ಲಿಯೂ ನಿತ್ಯದ ಊಟಕ್ಕೆ ಮಾರ್ಗರಿಟಾ ಇರುವುದಿಲ್ಲ. ಹಣ್ಣಿನ ಪಾನಕ, ಇಲ್ಲವೇ ಬಿಯರ್ ಇರುತ್ತದೆ. ಮಾರ್ಗರಿಟಾಕ್ಕೆ ಹೆಚ್ಚಿನ ಹೆಸರು ಬಂದದ್ದು ಗಡಿಯಾಚೆಯ ಅಮೆರಿಕದಲ್ಲಿ. ಅದನ್ನು ಮೊದಲು ಬೆರೆಸಿದವರು ತಾವೇ ಎಂದು ಹೇಳಿಕೊಂಡವರು ಹಲವರು. ಅದನ್ನು ಐಸ್‌ಕ್ರೀಮಿನಂತೆ ಗಟ್ಟಿಯಾಗಿ ಸುರಿಸುವ ಯಂತ್ರ 1971ರಲ್ಲಿ ಟೆಕ್ಸಾಸಿನ ಡಲ್ಲಾಸ್ ನಗರದ ಹೋಟೆಲಿನಲ್ಲಿ ಆರಂಭವಾಯಿತು. ಆ ಯಂತ್ರ ಈಗ ಅಲ್ಲಿನ ರಾಷ್ಟ್ರೀಯ ವಸ್ತುಸಂಗ್ರಹಾಲಯ ಸೇರಿದೆ.

ಟೆಕಿಲಾ ತೆಗೆಯುವ ಗಿಡವಂತೂ ನಮ್ಮವರಿಗೆ ಹೊಸದಲ್ಲ. ಅದು ಕತ್ತಾಳೆಯ ಜಾತಿ. ಹೊಲದ ಬೇಲಿಗೆಂದು ನೆಟ್ಟ, ಹಗ್ಗಕ್ಕೆ ನಾರು ಕೊಡುವ, ಎಲೆಯ ತುದಿಯಲ್ಲಿ ಮುಳ್ಳಿರುವ ಕತ್ತಾಳೆಯೂ ಮೆಕ್ಸಿಕೊದಿಂದಲೇ ಬಂದದ್ದು. ಅಲ್ಲಿ ನೀಲಿ ಕತ್ತಾಳೆಯನ್ನು ಆರೇಳು ವರ್ಷ ಬೆಳೆಸಿ, ಎಲೆಗಳನ್ನು ಕಡಿದು, ಅನಾನಸಿನಂತೆ ಕಾಣುವ ದಿಂಡನ್ನು ಬೇಯಿಸಿ, ರಸವನ್ನು ಹುಳಿ ಬರಿಸಿ ಬಟ್ಟಿ ಇಳಿಸುತ್ತಾರೆ. ಹಲಿಸ್ಕೊ ಮತ್ತು ಗೊತ್ತುಪಡಿಸಿದ ಕೆಲವು ಪ್ರದೇಶಗಳದ್ದನ್ನು ಬಿಟ್ಟು ಬೇರೆಯದಕ್ಕೆ ಟೆಕಿಲಾ ಎಂಬ ಹೆಸರಿಲ್ಲ. ನಂಜನಗೂಡಿನ ರಸಬಾಳೆಗೆ ಭೌಗೋಳಿಕ ಸೂಚಕ ಸಿಕ್ಕಂತೆ. ಹೀಗಾಗಿ ದಖ್ಖನಿನ ಕತ್ತಾಳೆಯಿಂದ ಆಂಧ್ರದ ಚಿತ್ತೂರು ಜಿಲ್ಲೆಯಲ್ಲಿ ಇಳಿಸಿದ ಮದ್ಯವನ್ನು ಟೆಕಿಲಾ ಎಂದು ಮಾರುವಂತಿಲ್ಲ. ನಮ್ಮ ಬೇಲಿಯ ಕತ್ತಾಳೆ ಮಾತ್ರ ಮದ್ಯದ ಗೊಡವೆಗೆ ಹೋಗದೆ, ಬಾಳಿನಲ್ಲಿ ಒಮ್ಮೆ ಆಳೆತ್ತರ ಮೀರಿದ ಹೂಗಂಬ ಎತ್ತಿ, ಹೂಬಿಟ್ಟು, ಒಣಗುತ್ತದೆ.