ಮೊದಲ ಮಳೆಯ ವಾಸನೆ, ಗಾಜಿನ ಬಟ್ಟಲಿನಲ್ಲಿ

ಬೆಂಗಳೂರಿನ ಪಶ್ಚಿಮ ಭಾಗವನ್ನು ಕಣ್ಣು ಮುಚ್ಚಿಕೊಂಡೇ ಗುರುತಿಸಬಹುದು. ರಾಜಾಜಿನಗರದ ಅಂಚಿನಲ್ಲಿ ಮೆಟ್ರೊ ನಿಲ್ದಾಣಕ್ಕೇ ಹೆಸರು ಕೊಟ್ಟ ಗಂಧದ ಸಾಬೂನಿನ ಕಾರ್ಖಾನೆಯಿದೆ. ಮೈಸೂರು ರಸ್ತೆಗೆ ಇಳಿದರೆ ಗಾಳಿ ಆಂಜನೇಯನ ಗುಡಿಯಿಂದ ಕೆಂಗೇರಿಯ ಆಚೆಗೂ ಮೂಗು ಮುಚ್ಚಿಸುವ ವೃಷಭಾವತಿ ನದಿಯಿದೆ. ಎರಡನ್ನೂ ಕೊಂಚ ಹೊತ್ತು ಮರೆಸುವ ಮೂರನೆಯ ವಾಸನೆ ವರ್ಷಕ್ಕೊಮ್ಮೆ, ಅಶ್ವಿನಿಯದೋ ಭರಣಿಯದೋ ಮೊದಲ ಹನಿಗಳು ಕಾದ ನೆಲಕ್ಕೆ ಬಿದ್ದಾಗ ಏಳುತ್ತದೆ. ಮಳೆಯೂ ಬೇಡ, ಮಣ್ಣೂ ಬೇಡ, ಆ ವಾಸನೆಯನ್ನು ಬ್ಯಾಕ್ಟೀರಿಯಾದಿಂದಲೇ ಬರಿಸುತ್ತೇವೆ ಎಂದು 2009ರಲ್ಲಿ ಇದೇ ಊರಿನ ಕೆಲವರು ಹೊರಟರು. ಅವರು ಜೀವವಿಜ್ಞಾನ ಓದಿದವರಲ್ಲ, ಯಲಹಂಕದ ಸೃಷ್ಟಿ ಕಲಾ ಮತ್ತು ವಿನ್ಯಾಸ ಶಾಲೆಯ ವಿದ್ಯಾರ್ಥಿಗಳು. ಯಲಹಂಕ ನಮ್ಮ ದಿಕ್ಕಿನದಲ್ಲ, ನಿಜ. ಮಳೆಗೆ ಆ ಭೇದವಿಲ್ಲ.

ಮಣ್ಣಿನ ಆ ವಾಸನೆಯ ಹಿಂದೆ ಬಿದ್ದವರಲ್ಲಿ ಇವರು ಮೊದಲಿಗರೇನಲ್ಲ. ಉತ್ತರ ಪ್ರದೇಶದ ಕನೌಜಿನ ಅತ್ತರಿನವರು ಸುಟ್ಟ ಮಣ್ಣನ್ನು ತಾಮ್ರದ ಹಂಡೆಯಲ್ಲಿ ನೀರಿನೊಂದಿಗೆ ಕಾಯಿಸಿ, ಅದರ ಆವಿಯನ್ನು ಗಂಧದೆಣ್ಣೆಗೆ ಇಳಿಸುತ್ತಾ ಬಂದವರು. 1964ರಲ್ಲಿ ಆಸ್ಟ್ರೇಲಿಯಾದ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ ಒಣ ಕಲ್ಲು-ಮಣ್ಣಿನಿಂದ ಅದೇ ವಾಸನೆಯ ಎಣ್ಣೆಯನ್ನು ಬೇರ್ಪಡಿಸಿ ‘ನೇಚರ್’ ಪತ್ರಿಕೆಯಲ್ಲಿ ಬರೆದಾಗ, ಭಾರತದ ಈ ಮಣ್ಣಿನ ಅತ್ತರನ್ನೂ ನೆನೆದರು. ಮರುವರ್ಷ ಅಮೆರಿಕದ ರಟ್‌ಗರ್ಸ್ ವಿಶ್ವವಿದ್ಯಾಲಯದ ನ್ಯಾನ್ಸಿ ಗರ್ಬರ್ ಮತ್ತು ಹ್ಯೂಬರ್ಟ್ ಲೆಶೆವಲಿಯರ್ ಅದರ ಮುಖ್ಯ ಅಣುವನ್ನೇ ಹಿಡಿದರು. ಅದು ಜಿಯೋಸ್ಮಿನ್. ಮಣ್ಣಿನಲ್ಲಿ ವಾಸಿಸುವ ಸ್ಟ್ರೆಪ್ಟೊಮೈಸಿಸ್ ಜಾತಿಯ ಸೂಕ್ಷ್ಮಜೀವಿಗಳು ಅದನ್ನು ತಯಾರಿಸುತ್ತವೆ. ಲಕ್ಷ ಕೋಟಿ ಭಾಗ ನೀರಿನಲ್ಲಿ 5 ಭಾಗದಷ್ಟಿದ್ದರೂ ಮನುಷ್ಯನ ಮೂಗು ಅದನ್ನು ಪತ್ತೆಹಚ್ಚೀತು. ಬೀಟ್‌ರೂಟಿನ ಮಣ್ಣು ವಾಸನೆಯೂ ಇದರದ್ದೇ.

ಇಷ್ಟು ತಿಳಿದ ಮೇಲೂ ಸೂಕ್ಷ್ಮಜೀವಿ ಅದನ್ನು ಹೇಗೆ ಮಾಡುತ್ತದೆ ಎಂಬುದು ತಿಳಿಯಲು ನಾಲ್ಕು ದಶಕ ಹಿಡಿಯಿತು. ಬ್ರೌನ್ ವಿಶ್ವವಿದ್ಯಾಲಯದ ಡೇವಿಡ್ ಕೇನ್ ಮತ್ತು ಸಂಗಡಿಗರು 2007ರ ಹೊತ್ತಿಗೆ ಉತ್ತರ ಕಂಡುಕೊಂಡರು. ಎರಡು ತುಂಡುಗಳಿರುವ ಒಂದೇ ಕಿಣ್ವ ಎಲ್ಲ ಕೆಲಸವನ್ನೂ ಮಾಡಿ ಮುಗಿಸುತ್ತದೆ. 15 ಇಂಗಾಲದ ಒಂದು ಅಣುವನ್ನು ಮೊದಲ ತುಂಡು ಬಾಗಿಸಿ ಉಂಗುರವಾಗಿಸುತ್ತದೆ. ಎರಡನೆಯದು ಅದರಿಂದ 3 ಇಂಗಾಲ ಕಿತ್ತು, 12 ಇಂಗಾಲದ ಜಿಯೋಸ್ಮಿನ್ ಉಳಿಸುತ್ತದೆ. ಹೊರಬಿದ್ದ ಆ ಮೂರು ಇಂಗಾಲಗಳೇ ಅಸಿಟೋನ್, ಅಂದರೆ ಉಗುರಿನ ಬಣ್ಣ ಒರೆಸುವ ದ್ರಾವಣ! ಕಲಾ ವಿದ್ಯಾರ್ಥಿಗಳಿಗೆ ದಾರಿ ತೆರೆದದ್ದು ಇಲ್ಲಿ. ಆ 15 ಇಂಗಾಲದ ಕಚ್ಚಾ ಅಣು ಪ್ರಯೋಗಾಲಯಗಳ ಸಾಕು ಬ್ಯಾಕ್ಟೀರಿಯಾ ಇ. ಕೊಲೈಯಲ್ಲಿ ತಾನಾಗಿಯೇ ಇರುತ್ತದೆ. ಇಲ್ಲದಿರುವುದು ಕಿಣ್ವವೊಂದೇ. ಸ್ಟ್ರೆಪ್ಟೊಮೈಸಿಸ್‌ನ ಒಂದೇ ವಂಶವಾಹಿಯನ್ನು ತಂದು ಕೂಡಿಸಿದರೆ ಸಾಕು.

ಸಾಕು ಎಂದು ಬರೆಯುವುದು ಸುಲಭ. ಕುಂಚ, ಕ್ಯಾಮೆರಾ ಹಿಡಿಯುವ ಹುಡುಗ ಹುಡುಗಿಯರು ವಂಶವಾಹಿಯ ತನಕ ಬಂದದ್ದಾದರೂ ಹೇಗೆ? ಇದರ ಬೇರು 2009ರ ಆರಂಭದಲ್ಲಿದೆ. ಸೃಷ್ಟಿಯಲ್ಲಿ ಕಲಿಸುತ್ತಿದ್ದ ಕಲಾವಿದ ಯಶಸ್ ಶೆಟ್ಟಿ, ಮ್ಯಾಡ್ರಿಡ್‌ನ ಮೀಡಿಯಾಲ್ಯಾಬ್ ಪ್ರಾಡೊದ ಕಾರ್ಯಾಗಾರದ ಬೆನ್ನಿಗೆ ಆಂಡಿ ಗ್ರೇಸಿ ಮತ್ತು ಮಾರ್ಕ್ ಡುಸೈಲರ್ ಜತೆ ಸೇರಿ ಹ್ಯಾಕ್ಟೀರಿಯಾ ಎಂಬ ಬಳಗ ಕಟ್ಟಿದರು. ಪ್ರಯೋಗಾಲಯದ ಸಾಧನಗಳನ್ನು ಕಲಾವಿದರು ತಾವೇ ಮಾಡಿಕೊಳ್ಳುವುದು, ಮಾಡಿದ ಬಗೆಯನ್ನು ಎಲ್ಲರಿಗೂ ತೆರೆದಿಡುವುದು ಅದರ ರೀತಿ.

ಆ ಬಳಗದ ಹೆಸರು ಹರಡಿಸಿದ ಸಾಧನ ವೆಬ್‌ಕ್ಯಾಮ್ ಮೈಕ್ರೊಸ್ಕೋಪ್. ಎಸ್.ಪಿ. ರೋಡಿನಲ್ಲಿ ಸಿಗುವಂಥ ಅಗ್ಗದ ವೆಬ್‌ಕ್ಯಾಮ್ ಬಿಚ್ಚಿ, ಪುಟ್ಟ ಲೆನ್ಸನ್ನು ಹೊರತೆಗೆದು, ತಲೆಕೆಳಗು ಮಾಡಿ, ಸೆನ್ಸರ್‌ನಿಂದ ತುಸು ದೂರಕ್ಕೆ ಕೂರಿಸಬೇಕು. ಲೆನ್ಸಿನ ಕೆಲಸ ಇಡೀ ಕೋಣೆಯನ್ನು ಕುಗ್ಗಿಸಿ ಉಗುರಿಗಿಂತ ಚಿಕ್ಕ ಸೆನ್ಸರ್ ಮೇಲೆ ಇಳಿಸುವುದು. ತಿರುಗಿಸಿದಾಗ ಅದೇ ಕೆಲಸ ಹಿಂದುಮುಂದಾಗುತ್ತದೆ: ಲೆನ್ಸಿಗೆ ತಾಗುವಷ್ಟು ಹತ್ತಿರವಿರುವ ನೀರಿನ ಹನಿಯೊಳಗಿನ ಜೀವಿ ಹಿಗ್ಗಿ ಪರದೆ ತುಂಬುತ್ತದೆ. ಕೆಳಗೊಂದು ಎಲ್‌ಇಡಿ ದೀಪ, ಮೇಲೆ ಕೆಳಗೆ ಸರಿಸಲು ಒಂದಷ್ಟು ಬೋಲ್ಟು ನಟ್ಟು. ತೋರುವ ಚಿತ್ರ ಹುಟ್ಟಿನಿಂದಲೇ ಡಿಜಿಟಲ್ ಆದದ್ದರಿಂದ, ಹರಿದಾಡುವ ಜೀವಿಯ ಚಲನೆಯನ್ನು ಕಂಪ್ಯೂಟರಿನಲ್ಲಿ ಹಿಡಿದು ಸದ್ದನ್ನಾಗಿಯೋ ಚಿತ್ರವನ್ನಾಗಿಯೋ ಮಾರ್ಪಡಿಸಬಹುದು. ಕಲಾವಿದನ ಕಣ್ಣು ಹೋದದ್ದು ಅಲ್ಲಿಗೆ. ದುಬಾರಿ ಉಪಕರಣದ ಮುಂದೆ ಕೈಕಟ್ಟಿ ನಿಲ್ಲುವ ಅಂಜಿಕೆ ಇಂಥ ಬಿಚ್ಚಾಟದಲ್ಲಿ ಕಳಚಿ ಬೀಳುತ್ತದೆ ಎಂಬುದು ನನ್ನ ಎಣಿಕೆ. ವಂಶವಾಹಿಗೆ ಕೈಹಾಕುವ ಧೈರ್ಯವೂ ಅಲ್ಲಿಂದಲೇ ಬಂದಿರಬೇಕು.

ಅಮೆರಿಕದ ಎಂಐಟಿಯಲ್ಲಿ ಪ್ರತಿವರ್ಷ ಐಜೆಮ್ ಎಂಬ ಸ್ಪರ್ಧೆ ನಡೆಯುತ್ತಿತ್ತು. ವಿದ್ಯಾರ್ಥಿ ತಂಡಗಳಿಗೆ ಡಿಎನ್‌ಎ ತುಣುಕುಗಳ ಪೊಟ್ಟಣ ಬರುತ್ತದೆ, ಅವನ್ನು ಜೋಡಿಸಿ ಹೊಸ ಗುಣದ ಬ್ಯಾಕ್ಟೀರಿಯಾ ಮಾಡಬೇಕು. ಅಲ್ಲಿ ವಾಸನೆ ಹೊಸ ವಿಷಯವೇನಲ್ಲ. 2006ರಲ್ಲಿ ಎಂಐಟಿಯವರೇ ಬಾಳೆಹಣ್ಣಿನ ವಾಸನೆಯ ಇ. ಕೊಲೈ ಮಾಡಿದ್ದರು. ಅದಕ್ಕೆ ಮೊದಲು, ಇಂಡೋಲ್ ಎಂಬ ರಾಸಾಯನಿಕದಿಂದ ಬರುವ ಅದರ ಹುಟ್ಟು ದುರ್ನಾತ ಅಡ್ಡಬಾರದೆಂದು, ಇಂಡೋಲ್ ಮಾಡದ ತಳಿಯನ್ನು ಹುಡುಕಬೇಕಾಯಿತು. 2009ರಲ್ಲಿ ಯಶಸ್ ಶೆಟ್ಟಿಯವರ ವಿದ್ಯಾರ್ಥಿಗಳು ‘ಆರ್ಟ್‌ಸೈನ್ಸ್ ಬೆಂಗಳೂರು’ ಎಂಬ ಹೆಸರಿನಲ್ಲಿ ಕಣಕ್ಕಿಳಿದರು. ಜಿಕೆವಿಕೆ ಆವರಣದಲ್ಲಿರುವ ಜೈವಿಕ ವಿಜ್ಞಾನಗಳ ರಾಷ್ಟ್ರೀಯ ಕೇಂದ್ರ ಅವರಿಗೆ ಒತ್ತಾಸೆಯಾಯಿತು. ಬಾಳೆಹಣ್ಣಲ್ಲ, ಮಲ್ಲಿಗೆಯೂ ಅಲ್ಲ, ಅವರು ಆರಿಸಿದ್ದು ಮೊದಲ ಮಳೆ. ಜಿಯೋಸ್ಮಿನ್ ಕಿಣ್ವದ ವಂಶವಾಹಿ ಇ. ಕೊಲೈಯೊಳಗೆ ಹೋಯಿತು, ಒದ್ದೆ ಮಣ್ಣಿನ ಅಣು ಗಾಜಿನ ಬಟ್ಟಲಿನಲ್ಲಿ ಹುಟ್ಟಿತು.

ಆ ವರ್ಷದ ದೊಡ್ಡ ಬಹುಮಾನ ಬಣ್ಣ ಬದಲಿಸುವ ಬ್ಯಾಕ್ಟೀರಿಯಾ ಮಾಡಿದ ಕೇಂಬ್ರಿಜ್ ತಂಡದ ಪಾಲಾಯಿತು. ವಿನ್ಯಾಸಕಾರರ ಕೈ ಅದರಲ್ಲೂ ಇತ್ತು. ಬೆಂಗಳೂರಿನವರು ಹೊಸ ರಸಾಯನವನ್ನೇನೂ ಕಂಡುಹಿಡಿಯಲಿಲ್ಲ. ಅಣು ಗರ್ಬರ್ ಅವರದ್ದು, ಕಿಣ್ವದ ಗುಟ್ಟು ಕೇನ್ ಅವರದ್ದು. ಇಂಧನಕ್ಕೆ, ಔಷಧಕ್ಕೆ ಎಂದು ಎಲ್ಲರೂ ತಿದ್ದುತ್ತಿದ್ದ ಜೀವಿಯಿಂದ ನೆನಪನ್ನು ಬರಿಸಬಹುದೇ ಎಂದು ಕೇಳಿದ್ದು ಮಾತ್ರ ಅವರದ್ದು. ಬೇಸಿಗೆಯಿಡೀ ಮೋಡ ನೋಡುತ್ತಾ ಕೂರುವ ನಾಡಿನವರಿಗೇ ಆ ಪ್ರಶ್ನೆ ಹೊಳೆಯಿತೆಂಬುದರಲ್ಲಿ ನನಗೆ ಅಚ್ಚರಿಯಿಲ್ಲ.

ಮಣ್ಣಿಗೆ ಈ ವಾಸನೆ ಯಾಕೆ ಬೇಕು ಎಂಬುದಕ್ಕೆ ಉತ್ತರ ಸಿಕ್ಕಿದ್ದು 2020ರಲ್ಲಿ. ಜಿಯೋಸ್ಮಿನ್ ಸ್ಪ್ರಿಂಗ್‌ಟೇಲ್ ಎಂಬ ಎಳ್ಳಿಗಿಂತ ಚಿಕ್ಕ ಮಣ್ಣಿನ ಜೀವಿಯನ್ನು ಸೆಳೆಯುತ್ತದೆ. ಸ್ಟ್ರೆಪ್ಟೊಮೈಸಿಸ್ ತಿನ್ನಲು ಬಂದ ಅದು ಬೀಜಕಣಗಳನ್ನು ಮೈಗೆ ಮೆತ್ತಿಕೊಂಡು ಬೇರೆಡೆ ಬಿತ್ತುತ್ತದೆ. ನಾವು ಆಸೆಪಟ್ಟು ಮೂಸುವುದು ನಮಗಾಗಿ ಬರೆಯದ ಕರೆಯೋಲೆಯನ್ನು.

ಇ. ಕೊಲೈಯ ಮಳೆಯನ್ನು ಮನೆಗೆ ತರುವಂತಿಲ್ಲ. ವಂಶವಾಹಿ ತಿದ್ದಿದ ಜೀವಿಗಳನ್ನು 1989ರ ಕೇಂದ್ರ ಸರ್ಕಾರದ ನಿಯಮಗಳು ಬಿಗಿಯಾಗಿ ಹಿಡಿದಿಟ್ಟಿವೆ. ವೆಬ್‌ಕ್ಯಾಮ್ ಮೈಕ್ರೊಸ್ಕೋಪಿಗೆ ಅಂಥ ಬೇಲಿಯಿಲ್ಲ. ಅದು ಇಂಡೊನೇಷ್ಯಾದ ಯೋಗ್ಯಕರ್ತದ ಕಲಾವಿದರನ್ನೂ ಮುಟ್ಟಿತು, 2013ರಲ್ಲಿ ಹ್ಯಾಕ್ಟೀರಿಯಾದ ಮೇಳ ಬೆಂಗಳೂರಿನಲ್ಲೇ ನಡೆಯಿತು. ವಿಜಯನಗರದ ಯಾವ ಮನೆಯಲ್ಲಾದರೂ ಒಂದು ಹಳೆಯ ವೆಬ್‌ಕ್ಯಾಮ್ ಬಿಚ್ಚಿ ನೋಡಬಹುದು. ತುಳಸಿ ಕಟ್ಟೆಯ ಮಣ್ಣಿನಲ್ಲಿ ಸ್ಪ್ರಿಂಗ್‌ಟೇಲ್ ಇದ್ದರೆ ಕಂಡೀತು. ಸ್ಟ್ರೆಪ್ಟೊಮೈಸಿಸ್‌ನ ಎಳೆ ಸುಮಾರು ಒಂದು ಮೈಕ್ರಾನ್‌ನಷ್ಟೇ ದಪ್ಪವಿರುವುದರಿಂದ, ಅದು ಕಂಡರೆ ಕಂಡಿತು, ಇಲ್ಲದಿದ್ದರೆ ಇಲ್ಲ.