ಎರೆಭೂಮಿಯ ಮೇಲೆ ಹೊಸ ಮನೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ—ವಿಜಯಪುರ ಜಿಲ್ಲೆಯ ಈ ನಾಲ್ಕು ಊರುಗಳಲ್ಲಿ ಯಾವುದಕ್ಕೇ ಹೋಗಲಿ, ಬಸ್ಸು ಊರೊಳಗೆ ಕಾಲಿಡುವ ಮೊದಲೇ ಒಂದು ನೋಟ ಕಣ್ಣಿಗೆ ಬೀಳುತ್ತದೆ. ಮೊನ್ನೆ ಮೊನ್ನೆಯವರೆಗೆ ಬಿಳಿಜೋಳ, ಕಡಲೆ ಬೆಳೆಯುತ್ತಿದ್ದ ಹೊಲದಲ್ಲಿ ಸಾಲಾಗಿ ಗುರುತಿನ ಕಲ್ಲು ನೆಟ್ಟಿರುತ್ತಾರೆ. ಹೊಲ ಬಿನಶೇತ್ಕಿಯಾಗಿದೆ, ಪ್ಲಾಟುಗಳಾಗಿವೆ. ಅಲ್ಲೊಂದು ಇಲ್ಲೊಂದು ಮನೆ ಎದ್ದಿದೆ. ಉಳಿದ ಕಡೆ ಮರಳು, ಜಲ್ಲಿ, ಕಬ್ಬಿಣದ ಸಲಾಕೆಗಳು ಬಿದ್ದಿವೆ. ಹಳೆಯ ಗಾವಠಾಣದಲ್ಲಿ ಸ್ಥಳ ಸಾಲದೆ ಊರು ಹೊಲದ ಕಡೆಗೆ ಹೊರಟಿದೆ. ಇದು ಸಂತೋಷದ ಸಂಗತಿಯೇ. ಆದರೆ ಹೊರಟ ಊರು ಎಂಥ ನೆಲದ ಮೇಲೆ ಕೂಡ್ರುತ್ತಿದೆ ಎಂಬುದನ್ನು ಮನೆ ಕಟ್ಟುವವರು ಮೊದಲೇ ವಿಚಾರಿಸಬೇಕಾಗಿದೆ.

ಒಂದು ಮನೆಯೆಂದರೆ ಏನು? ಬಹಳ ಜನಕ್ಕೆ ಅದು ಇಡೀ ಬಾಳಿನ ಗಳಿಕೆ. ನೌಕರಿಯ ಉಳಿತಾಯ, ಹೊಲದ ಒಂದು ತುಂಡು ಮಾರಿದ ಹಣ, ಮೇಲೆ ಬ್ಯಾಂಕಿನ ಸಾಲ—ಇಷ್ಟೂ ಸೇರಿ ನಾಲ್ಕು ಕೋಣೆಯ ಮನೆಯಾಗುತ್ತದೆ. ಗೃಹಪ್ರವೇಶವಾಗಿ ಎರಡು ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಕಿಡಕಿಯ ಮೂಲೆಯಿಂದ ಓರೆಯಾಗಿ ಒಂದು ಬಿರುಕು ಹೊರಡುತ್ತದೆ. ಸುಣ್ಣ ಬಳಿದು ಮುಚ್ಚಿದರೆ ಬರುವ ಬೇಸಿಗೆಗೆ ಮತ್ತೆ ಬಾಯಿ ತೆರೆಯುತ್ತದೆ. ಆಗ ಯಜಮಾನರು ಗವಂಡಿಯನ್ನು ಬೈಯುತ್ತಾರೆ. ಗವಂಡಿ ಸಿಮೆಂಟನ್ನು ಬೈಯುತ್ತಾನೆ. ನೆರೆಯವರು ವಾಸ್ತು ಸರಿಯಿಲ್ಲವೆನ್ನುತ್ತಾರೆ. ಎಷ್ಟೋ ಸಲ ತಪ್ಪು ಇವರಾರದೂ ಅಲ್ಲ. ಅದು ಕಾಲ ಕೆಳಗಿನ ಎರೆಮಣ್ಣಿನ ಗುಣ.

ಈ ಮಣ್ಣು ಬಂದದ್ದು ಕರಿಕಲ್ಲಿನಿಂದ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನಲ್ಲಿ ಭೂಮಿ ಬಿರಿದು, ಹರಿದ ಲಾವಾರಸ ಪದರ ಪದರವಾಗಿ ಗಟ್ಟಿಯಾಯಿತು. ಆ ಕಲ್ಲು ಬಿಸಿಲು ಮಳೆಗೆ ಸವೆದು ಎರೆಯಾಯಿತು. ಇದರಲ್ಲಿ ಮಾಂಟ್‌ಮೋರಿಲೊನೈಟ್ ಎಂಬ ಜಾತಿಯ ಜೇಡಿ ಹೆಚ್ಚು. ಅದರ ಕಣ ಬರಿಗಣ್ಣಿಗೆ ಕಾಣದಷ್ಟು ಸಣ್ಣದು. ಒಂದೊಂದು ಕಣವೂ ಪುಸ್ತಕದ ಹಾಳೆಗಳಂತೆ ತೆಳುವಾದ ಪದರಗಳಿಂದಾದದ್ದು. ನೀರು ಸೋಕಿದರೆ ಆ ಹಾಳೆಗಳ ನಡುವೆ ನುಸುಳಿ ಅವನ್ನು ದೂರ ದೂರ ಸರಿಸುತ್ತದೆ, ಮಣ್ಣು ಉಬ್ಬುತ್ತದೆ. ನೀರು ಆರಿದರೆ ಹಾಳೆಗಳು ಮತ್ತೆ ಕೂಡಿಕೊಳ್ಳುತ್ತವೆ; ಮಣ್ಣು ಕುಗ್ಗಿ ಬಿರಿಯುತ್ತದೆ. ಚೈತ್ರ ವೈಶಾಖದಲ್ಲಿ ಹೊಲದ ಬಿರುಕಿನಲ್ಲಿ ಕೈ ಇಳಿಯುವುದನ್ನು ನಮ್ಮ ಕಡೆಯ ಮಕ್ಕಳೂ ಬಲ್ಲರು.

ವಿಚಿತ್ರವೆಂದರೆ, ಜೋಳವನ್ನು ಬೆಳೆಸುವ ಗುಣವೂ ಇದೇ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಸೀಮೆ ಇದು. ಭಾದ್ರಪದದ ಮಳೆಯನ್ನು ಹೀರಿ ಒಡಲಲ್ಲಿ ಹಿಡಿದಿಟ್ಟುಕೊಂಡು, ಮುಂದೆ ಚಳಿಗಾಲದಲ್ಲಿ ಹನಿ ಮಳೆಯಿಲ್ಲದಿದ್ದರೂ ಹಿಂಗಾರಿ ಪೈರನ್ನು ಸಾಕುವ ನೆಲ ಇದು. ಡೋಣಿ ಬೆಳೆದರೆ ಓಣಿಗೆಲ್ಲ ಕಾಳು ಎಂದು ಜನ ಆಡಿಕೊಳ್ಳುವುದು ಸುಮ್ಮನೆ ಅಲ್ಲ. ನೀರನ್ನು ಹಿಡಿದಿಡುವ ಆ ಗುಣವೇ ಹೊಲಕ್ಕೆ ವರ, ಗೋಡೆಗೆ ತೊಂದರೆ.

ನೆಲ ಎಲ್ಲ ಕಡೆಗೂ ಒಂದೇ ಸಮನಾಗಿ ಏರಿ ಇಳಿದಿದ್ದರೆ ಮನೆಗೆ ಅಷ್ಟು ಹಾನಿಯಿರಲಿಲ್ಲ. ದೋಣಿಯಂತೆ ಇಡೀ ಮನೆಯೇ ಏರಿ ಇಳಿಯುತ್ತಿತ್ತು. ಆದರೆ ಹಾಗಾಗುವುದಿಲ್ಲ. ಮನೆಯ ನಡುಭಾಗದ ಕೆಳಗಿನ ಮಣ್ಣಿಗೆ ಬಿಸಿಲು ತಾಗದು. ಅಲ್ಲಿಯ ಹಸಿ ಹಾಗೆಯೇ ಉಳಿಯುತ್ತದೆ. ಹೊರಗೋಡೆಯ ಕೆಳಗಿನ ಮಣ್ಣು ಮಳೆಗೆ ನೆನೆದು ಬಿಸಿಲಿಗೆ ಒಣಗುತ್ತದೆ. ಹೀಗೆ ನಡುವೆ ಒಂದು ತರಹ, ಅಂಚಿಗೆ ಇನ್ನೊಂದು ತರಹ ನೆಲ ಚಲಿಸಿದಾಗ ಗೋಡೆ ಬಾಗಬೇಕು. ಇಟ್ಟಿಗೆ ಸಿಮೆಂಟಿನ ಗೋಡೆ ಬಾಗಲಾರದು; ಒಡೆಯುತ್ತದೆ. ಬಾಗಿಲು ಕಿಡಕಿಗಳ ಮೂಲೆ ಗೋಡೆಯ ದುರ್ಬಲ ಸ್ಥಾನವಾದ್ದರಿಂದ ಬಿರುಕು ಅಲ್ಲಿಂದಲೇ ಹೊರಡುತ್ತದೆ.

ಹಾಗಾದರೆ ನಮ್ಮ ಹಿರಿಯರ ಮನೆಗಳು ಹೇಗೆ ನಿಂತಿದ್ದವು? ಮೊದಲನೆಯದಾಗಿ, ಅವರು ಸಾಧ್ಯವಾದಲ್ಲೆಲ್ಲ ಒಳ್ಳೆಯ ಎರೆಯನ್ನು ಬಿತ್ತಲಿಕ್ಕೆ ಬಿಟ್ಟು, ದಿನ್ನೆಯ ಗರಸು ನೆಲದ ಮೇಲೆ ಊರು ಕಟ್ಟುತ್ತಿದ್ದರು. ಕಾಳು ತುಂಬುವ ಹಗೇವು ತೋಡುವುದಕ್ಕೂ ಅಂಥ ಗಟ್ಟಿ ನೆಲವೇ ಬೇಕು. 1656ರ ಹೊತ್ತಿಗೆ ಮುಗಿದ ವಿಜಯಪುರದ ಗೋಳಗುಮ್ಮಟ ಅಷ್ಟು ಭಾರ ಹೊತ್ತು ನಿಂತದ್ದು ನೆಲದ ಬಂಡೆಯ ಮೇಲೆ. ಎರಡನೆಯದಾಗಿ, ಹಳೆಯ ಮನೆಯ ಗೋಡೆ ದಪ್ಪ ಮತ್ತು ಭಾರ. ಕಲ್ಲಿನ ನಡುವೆ ಮೆದುವಾದ ಮಣ್ಣಿನ ಗಾರೆ. ಮಾಳಿಗೆ ಮೇಲ್ಮುದ್ದೆಯ ಹೊರೆ ಕೆಳಗಿನ ಮಣ್ಣನ್ನು ಅದುಮಿ ಹಿಡಿಯುತ್ತಿತ್ತು. ಕೂದಲೆಳೆಯಷ್ಟು ಬಿರಿದರೆ ಹಬ್ಬದ ಸಾರಣೆಯಲ್ಲಿ ಅದು ಮುಚ್ಚಿ ಹೋಗುತ್ತಿತ್ತು.

ಹಾಗೆಂದು ಹಳೆಯ ರೀತಿಗೇ ಹಿಂದಿರುಗಿರೆಂದು ಹೇಳುವುದು ಸರಿಯಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನೆರೆಯ ಲಾತೂರ ಜಿಲ್ಲೆಯ ಕಿಲ್ಲಾರಿಯ ಸುತ್ತ ಭೂಕಂಪವಾದಾಗ ಸಾವಿರಾರು ಜನ ಸತ್ತರು. ಮಣ್ಣಿನ ಗಾರೆಯ ಕಲ್ಲುಗೋಡೆ ಕುಸಿದು, ಮೇಲ್ಮುದ್ದೆ ಮಲಗಿದವರ ಮೇಲೆ ಬಿದ್ದಿತ್ತು. ಗೋಡೆ ಹಗುರವಾಗಿರಬೇಕು, ಒಂದಕ್ಕೊಂದು ಬಿಗಿದಿರಬೇಕು ಎಂಬುದು ಅಂದು ಕಲಿತ ಪಾಠ. ಎರೆಯ ಕಾಟವನ್ನು ಭಾರದಿಂದಲ್ಲ, ಬುನಾದಿಯಿಂದ ಗೆಲ್ಲಬೇಕು.

ಇನ್ನೊಂದು ಬದಲಾವಣೆಯೂ ಆಗಿದೆ. ಹಿಂದೆ ಕೊಡದಲ್ಲಿ ಹೊತ್ತು ತಂದ ನೀರು ಕೊಡದಷ್ಟೇ ಖರ್ಚಾಗುತ್ತಿತ್ತು. ಆಲಮಟ್ಟಿಯಲ್ಲಿ 1964ರ ಮೇ 22ರಂದು ಲಾಲ್ ಬಹಾದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಕೃಷ್ಣಾ ಮೇಲ್ದಂಡೆ ಯೋಜನೆಯಿಂದ ಬರದ ಸೀಮೆಗೆ ನೀರು ಬಂತು. ನಾರಾಯಣಪುರದ ಎಡದಂಡೆಯಿಂದ ಹೊರಟ ಇಂಡಿ ಶಾಖಾ ಕಾಲುವೆ ಈ ಭಾಗದ ಹೊಲಗಳಿಗೆ ಹರಿಯಿತು. ಮನೆ ಮನೆಗೆ ನಳ ಬಂದವು. ಮನೆಯೊಳಗೆ ಬಚ್ಚಲು, ಶೌಚಾಲಯ ಬಂದವು. ಇವೆಲ್ಲ ಬೇಕಾದ ಸುಖಗಳೇ. ಆದರೆ ಹೊಸ ಬಡಾವಣೆಯಲ್ಲಿ ನಳ ಮೊದಲು ಬಂದು ಗಟಾರ ಆಮೇಲೆ ಬರುವುದುಂಟು. ಆ ನಡುವಿನ ವರ್ಷಗಳಲ್ಲಿ ಬಚ್ಚಲ ನೀರು ಗೋಡೆಯ ಬುಡದಲ್ಲೇ ಇಂಗುತ್ತದೆ. ಮಳೆಗಾಲವೊಂದರಲ್ಲೇ ನೆನೆಯುತ್ತಿದ್ದ ಮಣ್ಣು ಒಂದು ಮಗ್ಗುಲಿಗೆ ವರ್ಷವೆಲ್ಲ ನೆನೆಯುತ್ತದೆ.

ಈಗ ಉಪಾಯಗಳನ್ನು ನೋಡೋಣ. ಪ್ಲಾಟು ಕೊಳ್ಳುವ ಮೊದಲೇ ಅಲ್ಲೊಂದು ಗುಂಡಿ ತೋಡಿಸಿ ಎರೆ ಎಷ್ಟು ಆಳವಿದೆ, ಗರಸು ಎಲ್ಲಿ ಸಿಗುತ್ತದೆ ಎಂದು ನೋಡಬೇಕು. ಮಣ್ಣಿನ ಪರೀಕ್ಷೆ ಬಹಳ ಸರಳ. ಒಣಗಿಸಿ ಜರಡಿ ಹಿಡಿದ ನುಣ್ಣನೆಯ ಮಣ್ಣನ್ನು ಹತ್ತು ಹತ್ತು ಗ್ರಾಮಿನಂತೆ ಎರಡು ಅಳತೆಯ ಗಾಜಿನ ಕೊಳವೆಗಳಲ್ಲಿ ಹಾಕುತ್ತಾರೆ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ಸುರಿದು, ಗಾಳಿ ಹೋಗುವಂತೆ ಕಲಕಿ, ಒಂದು ದಿನ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ಎಣ್ಣೆಯಲ್ಲಿ 10 ಗೆರೆ ನಿಂತ ಮಣ್ಣು ನೀರಿನಲ್ಲಿ 20 ಗೆರೆ ನಿಂತರೆ ಉಬ್ಬು ನೂರಕ್ಕೆ ನೂರು. ನೂರಕ್ಕೆ 50ರೊಳಗಿದ್ದರೆ ಹೆಚ್ಚು ಭಯವಿಲ್ಲ. 100 ದಾಟಿತೆಂದರೆ ಸಾಮಾನ್ಯ ಪಾಯ ನಂಬುವಂತಿಲ್ಲ.

ಗರಸು ಐದಾರು ಅಡಿಯೊಳಗೆ ಸಿಕ್ಕರೆ ಎರೆಯನ್ನೆಲ್ಲ ತೆಗೆದು ಗರಸಿನ ಮೇಲೇ ಪಾಯ ಹಾಕುವುದು ಉತ್ತಮ. ತೆಗೆದ ಎರೆಯನ್ನು ಮತ್ತೆ ಅಂಗಣದೊಳಗೆ ತುಂಬಬಾರದು. ಖರ್ಚು ಉಳಿಸಲೆಂದು ಹೀಗೆ ತುಂಬಿದವರ ಮನೆಯ ನೆಲಹಾಸು ಎರಡೇ ವರ್ಷದಲ್ಲಿ ಎದ್ದು ಕೂಡ್ರುತ್ತದೆ.

ಎರೆ ಬಹಳ ಆಳವಿದ್ದರೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಬೆಳೆಸಿ ಬಳಕೆಗೆ ತಂದ ಬುಡದಪ್ಪ ಕಂಬದ ಪದ್ಧತಿಯುಂಟು. ಎಂಜಿನಿಯರರು ಇದನ್ನು ಅಂಡರ್-ರೀಮ್ಡ್ ಪೈಲ್ ಎನ್ನುತ್ತಾರೆ. ನೆಲದಲ್ಲಿ ಸುಮಾರು ಮೂರೂವರೆ ಮೀಟರ್ ಆಳಕ್ಕೆ ಕೈಬೈರಿಗೆಯಿಂದ ತೂತು ಕೊರೆದು, ಅದರ ಬುಡವನ್ನು ಎರಡೂವರೆ ಪಟ್ಟು ಅಗಲ ಮಾಡಿ, ಸಲಾಕೆಯಿಟ್ಟು ಕಾಂಕ್ರೀಟು ತುಂಬುತ್ತಾರೆ. ಅಷ್ಟು ಆಳದಲ್ಲಿ ಮಣ್ಣಿನ ಹಸಿ ಬೇಸಿಗೆ ಮಳೆಗಾಲಕ್ಕೆ ಹೆಚ್ಚು ಬದಲಾಗುವುದಿಲ್ಲ. ಮೇಲಿನ ಮಣ್ಣು ಕಂಬವನ್ನು ಎತ್ತ ಹೋದರೂ ಉಳ್ಳಾಗಡ್ಡಿಯಂಥ ಬುಡ ಅದನ್ನು ಬಿಡುವುದಿಲ್ಲ. ಕಂಬಗಳ ತಲೆಗೆ ತೊಲೆ ಕಟ್ಟಿ, ಆ ತೊಲೆಗೂ ನೆಲಕ್ಕೂ ನಡುವೆ ನಾಲ್ಕು ಬೆರಳಿನ ತೆರವು ಬಿಟ್ಟು, ಅದರ ಮೇಲೆ ಗೋಡೆ ಏಳಿಸುತ್ತಾರೆ. ಕೆಳಗೆ ಮಣ್ಣು ಉಸಿರಾಡಿಕೊಳ್ಳಲಿ, ಗೋಡೆಗೆ ಅದರ ಗೊಡವೆಯಿಲ್ಲ.

ಮತ್ತೊಂದು ದಾರಿ ಕಾಲುವೆಗಳ ಅನುಭವದಿಂದ ಬಂದದ್ದು. ಎರೆಯಲ್ಲಿ ತೋಡಿದ ಕಾಲುವೆಯ ಹೊದಿಕೆ ಒಡೆಯುವುದನ್ನು ತಡೆಯಲು ಮುಂಬಯಿಯ ಐ.ಐ.ಟಿ.ಯ ಪ್ರೊಫೆಸರ್ ಆರ್. ಕೆ. ಕಟ್ಟಿಯವರು ಉಬ್ಬದ, ಆದರೆ ಅಂಟಿಕೊಳ್ಳುವ ಮಣ್ಣಿನ ಪದರವನ್ನು ಎರೆಯ ಮೇಲೆ ಹಾಸಿ ಧಮ್ಮಸು ಹಾಕುವ ವಿಧಾನವನ್ನು ರೂಪಿಸಿದರು. ಮಲಪ್ರಭಾ ಕಾಲುವೆಗಳಲ್ಲಿ ಅದು ಬಳಕೆಯಾಯಿತು. ತಕ್ಕ ಗರಸು ಮಣ್ಣಿನ ಅಂಥ ಹಾಸು ಮನೆಯ ಕೆಳಗೂ ಕೆಲಸ ಮಾಡುತ್ತದೆ. ಈ ಎರಡರಲ್ಲಿ ಯಾವುದು ತಮ್ಮ ಪ್ಲಾಟಿಗೆ ಸರಿ ಎಂಬುದನ್ನು ಬಲ್ಲ ಎಂಜಿನಿಯರರಿಂದ ತಿಳಿದುಕೊಳ್ಳಬೇಕು.

ಈಗಾಗಲೇ ಕಟ್ಟಿದ ಮನೆಗೂ ಆರೈಕೆಯುಂಟು. ಮನೆಯ ಸುತ್ತ ಐದಾರು ಅಡಿ ಅಗಲಕ್ಕೆ ತಾಳಿಕೋಟೆಯ ಫರಸಿ ಹಾಸಿ, ಸಂದು ತುಂಬಿ, ಹೊರಗೆ ಇಳಿಜಾರು ಕೊಡಬೇಕು. ಮಾಳಿಗೆಯ ನೀರನ್ನು ಕೊಳವೆಯಿಂದ ಗಟಾರಕ್ಕೇ ಒಯ್ಯಬೇಕು. ಶೌಚದ ಗುಂಡಿ ಗೋಡೆಯಿಂದ ಆದಷ್ಟು ದೂರವಿರಲಿ. ಸೋರುವ ನಳವನ್ನು ಅಂದೇ ರಿಪೇರಿ ಮಾಡಿಸಿ. ಬೇವು ನೆಡಿರಿ, ಆದರೆ ಅದು ಬೆಳೆದು ಎಷ್ಟು ಎತ್ತರವಾದೀತೋ ಅಷ್ಟು ದೂರದಲ್ಲಿ ನೆಡಿರಿ. ಅದರ ಬೇರು ಒಂದೇ ಕಡೆಯ ಹಸಿಯನ್ನು ಹೀರಿ ಆ ಮೂಲೆಯನ್ನು ಕುಸಿಯಿಸುತ್ತದೆ.

ಇಷ್ಟಾದರೂ ಒಂದು ಕೆಲಸ ಒಬ್ಬೊಬ್ಬರಿಂದ ಆಗತಕ್ಕದ್ದಲ್ಲ. ನಾನು ನನ್ನ ನೀರನ್ನು ಗೋಡೆಯಿಂದ ಆಚೆ ದೂಡಿದರೆ ಅದು ನೆರೆಯವರ ಗೋಡೆಗೆ ಹೋಗುತ್ತದೆ. ಆದ್ದರಿಂದ ಬಡಾವಣೆಯಲ್ಲಿ ಮೊದಲು ಗಟಾರ, ಆಮೇಲೆ ರಸ್ತೆ, ಆಮೇಲೆ ಮನೆ ಎಂಬ ಕ್ರಮ ಬರಬೇಕು. ಪ್ಲಾಟು ಮಾರುವವರನ್ನು ಮೊದಲು ಗಟಾರದ ಮಾತು ಕೇಳಬೇಕು. ಪುರಸಭೆಯ ಮುಂದೆ ಓಣಿಯವರು ಕೂಡಿ ಅದನ್ನೇ ಮೊದಲ ಬೇಡಿಕೆಯಾಗಿ ಇಡಬೇಕು.

ಮನೆಗೆ ಯಾವ ಬಣ್ಣ, ಎಂಥ ಬಾಗಿಲು ಎಂದು ನಾವು ವಾರಗಟ್ಟಲೆ ಚರ್ಚಿಸುತ್ತೇವೆ. ಕಣ್ಣಿಗೆ ಕಾಣದ ಪಾಯಕ್ಕೆ ಅದರ ಅರ್ಧದಷ್ಟು ಹೊತ್ತು ಕೊಟ್ಟರೂ ಸಾಕು. ನಮ್ಮ ಒಕ್ಕಲಿಗ ಬಿತ್ತುವ ಮೊದಲು ಒಂದು ಹಿಡಿ ಮಣ್ಣು ಕೈಗೆತ್ತಿಕೊಂಡು ಹಸಿ ನೋಡುತ್ತಾನೆ. ಅದೇ ಹೊಲದಲ್ಲಿ ಮನೆ ಕಟ್ಟುವ ನಾವೂ ಅಷ್ಟನ್ನು ಮಾಡಿದರೆ, ಸಾಲ ತೀರುವ ಮೊದಲೇ ಗೋಡೆ ಒಡೆಯುವ ಸಂಕಟ ತಪ್ಪುತ್ತದೆ.